ಸೀದ ವಾಸನೆ

ಕಳೆದ ತಿಂಗಳು ಅರ್ಧವಾರ್ಷಿಕ ಪರೀಕ್ಷೆ ಮುಗಿದು ಪ್ರಗತಿಪತ್ರಗಳಿಗೆ ಷರಾ ಬರೆಯುವ ಕೆಲಸ ನಡೆದಿತ್ತು. ನಾನಿರುವುದು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ. ಪತ್ರಗಳು ನಾಲ್ಕೈದು ಜನರ ಕೈ ದಾಟಿ ಕೊನೆಗೆ ಕ್ಲಾಸ್ ಟೀಚರ್ ಮುಂದೆ ಬಂದು ಬೀಳುತ್ತವೆ. ಒಂಬತ್ತನೇ ತರಗತಿಯ ಒಬ್ಬ ಹುಡುಗನ ಪತ್ರದಲ್ಲಿ ನನಗಿಂತ ಮೊದಲು ಮೂವರು ಬರೆದಿದ್ದರು. ಒಬ್ಬರು 'ಪಾಠದ ಕಡೆ ಗಮನವಿಲ್ಲ' ಎಂದಿದ್ದರು, ಇನ್ನೊಬ್ಬರು 'ಬರೆಯಲು ಶುರು ಮಾಡಿ ಅರ್ಧಕ್ಕೇ ಬಿಡುತ್ತಾನೆ' ಎಂದಿದ್ದರು. ಮೂರನೆಯವರು ಒಂದೇ ಪದ ಬರೆದಿದ್ದರು: ಉಡಾಫೆ.

ಆ ಹುಡುಗ ಜೂನ್ ತಿಂಗಳಲ್ಲಿ ರಿಂಗ್ ರೋಡಿನಲ್ಲಿ ಅಪ್ಪನ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದಿದ್ದ. ಮೂರು ವಾರ ಬಿಟ್ಟು ಶಾಲೆಗೆ ಬಂದಾಗ ಹುಬ್ಬಿನ ಮೇಲೆ ಹೊಲಿಗೆಯ ಗುರುತೊಂದು ಬಿಟ್ಟರೆ ಮೊದಲಿನ ಹುಡುಗನೇ. ಅವನ ಜೊತೆ ಬಂದಿದ್ದ ತಾಯಿ, 'ಸ್ಕ್ಯಾನ್ ಮಾಡ್ಸಿದ್ವಿ ಮಿಸ್, ಎಲ್ಲ ನಾರ್ಮಲ್ ಇದೆ' ಎಂದು ಸಮಾಧಾನದಿಂದ ಹೇಳಿ ಹೋಗಿದ್ದರು. ನಾನೂ ಸಮಾಧಾನ ಪಟ್ಟುಕೊಂಡಿದ್ದೆ. ಈಗ ಪೆನ್ನು ಹಿಡಿದು ಕೂತರೆ ಷರಾ ಬರೆಯಲು ಕೈ ಏಳಲಿಲ್ಲ. ಆ ಮೂರನೆಯ ಪದವನ್ನು ನಾನೂ ಒಮ್ಮೆ ಆಡಿದ್ದೇನೆ. ನನ್ನ ಸ್ವಂತ ಅಣ್ಣನಿಗೆ, ಅವನದೇ ಆಲೆಮನೆಯಲ್ಲಿ, ಅವನ ಆಳುಗಳ ಮುಂದೆ.

ಬದುಕಿ ಬಂದಿದ್ದೇ ಹೆಚ್ಚು

ನಮ್ಮೂರು ಪಾಂಡವಪುರದ ಕಡೆ. ಅಪ್ಪನ ಕಾಲದ ಆಲೆಮನೆ, ಅಪ್ಪ ಹೋದ ಮೇಲೆ ಅಣ್ಣನ ಕೈಗೆ ಬಂತು. ಮಂಡ್ಯ ಸೀಮೆಯವರಿಗೆ ಆಲೆಮನೆ ಅಂದರೆ ಏನೆಂದು ಹೇಳಬೇಕಾಗಿಲ್ಲ. ಆದರೆ ಅದನ್ನು ನಡೆಸುವವನ ತಲೆಯಲ್ಲಿ ದಿನವಿಡೀ ಏನೇನು ಓಡುತ್ತಿರುತ್ತದೆ ಎಂದು, ಆಲೆಮನೆಯ ಹೊಗೆಯಲ್ಲೇ ಬೆಳೆದ ನಾನೂ ಯೋಚಿಸಿದವಳಲ್ಲ. ನಾಳೆ ಯಾರ ಗದ್ದೆಯ ಕಬ್ಬು ಕಡಿಸಬೇಕು, ಕಡಿಯುವವರು ಎಷ್ಟು ಜನ ಬರುತ್ತಾರೆ, ಗಾಡಿ ಯಾರದು, ಕರೆಂಟು ಎಷ್ಟೊತ್ತಿಗೆ, ಬರದಿದ್ದರೆ ಡೀಸೆಲ್ ಇದೆಯಾ, ಒಲೆಗೆ ಹಾಕುವ ಸಿಪ್ಪೆ ಒಣಗಿದೆಯಾ, ಮೋಡ ಕಟ್ಟಿದರೆ ಟಾರ್ಪಾಲು ಯಾರ ಮನೆಯಲ್ಲಿದೆ, ಮಂಡ್ಯದ ಮಾರ್ಕೆಟ್ಟಿನಲ್ಲಿ ಅಚ್ಚುಬೆಲ್ಲಕ್ಕೆ ಇವತ್ತಿನ ಬೆಲೆ ಏನು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ. ಅಣ್ಣ ಇದ್ಯಾವುದನ್ನೂ ಬರೆದಿಟ್ಟವನಲ್ಲ. ಕೊಪ್ಪರಿಗೆ ಪಕ್ಕ ನಿಂತು ಒಂದು ಕೈಯಲ್ಲಿ ಮಡ್ಡಿ ತೆಗೆಸುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಇಷ್ಟನ್ನೂ ತೂಗಿಸುತ್ತಿದ್ದ.

2021ರ ನವೆಂಬರ್. ರಾತ್ರಿ ಎಂಟೂವರೆಗೆ ನಾಲೆ ಏರಿಯ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದ. ಕಬ್ಬು ತುಂಬಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಹಿಂದೆ ದೀಪವಿರಲಿಲ್ಲ, ರಿಫ್ಲೆಕ್ಟರೂ ಇರಲಿಲ್ಲ. ತಪ್ಪಿಸಲು ಹೋಗಿ ಬಿದ್ದ. ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಬಿದ್ದಿತ್ತು, ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಅದು ಈಗಲೂ ಊರ ಮನೆಯ ಅಟ್ಟದ ಮೇಲಿದೆ. ಯಾರೂ ಹಾಕಿಕೊಳ್ಳುವುದಿಲ್ಲ, ಎಸೆಯುವುದೂ ಇಲ್ಲ.

ಆಸ್ಪತ್ರೆಯ ಹಾಳೆಯಲ್ಲಿ ಜಿಸಿಎಸ್ 8 ಎಂದಿತ್ತು. ಇದು 1974ರಲ್ಲಿ ಗ್ಲಾಸ್ಗೋದ ಗ್ರಹಾಮ್ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ವೈದ್ಯರು ರೂಪಿಸಿದ, ಎಷ್ಟು ಪ್ರಜ್ಞೆಯಿದೆ ಎಂದು ನೋಡುವ ಅಳತೆ, ಗ್ಲಾಸ್ಗೋ ಕೋಮಾ ಸ್ಕೇಲ್. ಕಣ್ಣು ತೆರೆಯುತ್ತಾನಾ, ಮಾತಾಡುತ್ತಾನಾ, ಹೇಳಿದಂತೆ ಕೈಕಾಲು ಆಡಿಸುತ್ತಾನಾ ಎಂದು ನೋಡಿ 3ರಿಂದ 15ರೊಳಗೆ ಅಂಕ ಹಾಕುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಮಿದುಳಿನ ಮುಂಭಾಗದಲ್ಲಿ, ಎರಡೂ ಕಡೆ, ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಬೇಡವೆಂದರು. ಹನ್ನೊಂದು ದಿನ ಐಸಿಯು, ಆಮೇಲೆ ವಾರ್ಡು. ಆರನೇ ದಿನ ಕಣ್ಣುಬಿಟ್ಟಾಗ ಅವ್ವ ಆಸ್ಪತ್ರೆಯ ಕಾರಿಡಾರಿನಲ್ಲೇ ನೆಲಕ್ಕೆ ಹಣೆ ಮುಟ್ಟಿಸಿದಳು.

ವಾರ್ಡಿಗೆ ಬಂದ ಮೇಲೆ ಮಾತೂ ಬಂತು. ನನ್ನ ಮಗಳ ಹೆಸರು ಹಿಡಿದು ಕೇಳಿದ, ಊಟ ಚೆನ್ನಾಗಿಲ್ಲವೆಂದು ರೇಗಿದ, ಪಕ್ಕದ ಹಾಸಿಗೆಯವನಿಗೆ ಬೆಲ್ಲದ ರೇಟ್ ಹೇಳಿದ. ಜೊತೆಗೆ ಹತ್ತು ನಿಮಿಷಕ್ಕೊಮ್ಮೆ, 'ಕರೆಂಟ್ ಬಂತಾ? ಗಾಣ ಸುರು ಮಾಡುದ್ರಾ?' ಎಂದು ಕೇಳುತ್ತಿದ್ದ. ಬಂತು ಕಣಣ್ಣ ಎಂದರೆ ನೆಮ್ಮದಿಯಾಗುತ್ತಿದ್ದ, ಹತ್ತು ನಿಮಿಷಕ್ಕೆ ಮತ್ತೆ ಅದೇ. ನಾವು ನಕ್ಕು, ಅವನ ಕೆಲಸದ ಮೇಲಿನ ನಿಗಾ ನೋಡಿ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆವು. ಆ ದಿನಗಳ ಒಂದು ತುಣುಕೂ ಅಣ್ಣನಿಗೆ ನೆನಪಿಲ್ಲ. ಏಟು ಬಿದ್ದ ಮೇಲೆ ಅವನ ಮೊದಲ ನೆನಪು ಮನೆಯ ಅಡುಗೆಕೋಣೆಯಲ್ಲಿ ಕೂತು ಹಿತಕಿದ ಅವರೆಬೇಳೆ ಸಾರಿನಲ್ಲಿ ಮುದ್ದೆ ಉಂಡಿದ್ದು. ಅಂದರೆ ಡಿಸೆಂಬರಿನ ಮಧ್ಯಭಾಗ. ನಡುವಿನ ಒಂದು ತಿಂಗಳು ಅವನು ಮಾತಾಡಿದ್ದಾನೆ, ನಡೆದಿದ್ದಾನೆ, ನಕ್ಕಿದ್ದಾನೆ, ಆದರೆ ಅವನೊಳಗೆ ಏನೂ ದಾಖಲಾಗಿಲ್ಲ. ಕಣ್ಣು ತೆರೆದ ದಿನದಿಂದ ಗುಣವಾಗುವುದನ್ನು ಎಣಿಸುವುದು ನಮ್ಮ ಲೆಕ್ಕ. ನೆನಪು ಎಳೆ ತುಂಡಾಗದೆ ಕೂಡಿಕೊಂಡ ದಿನದವರೆಗೆ ಎಣಿಸುವುದು ವೈದ್ಯರ ಲೆಕ್ಕ, ಮುಂದೆ ಏನಾಗಬಹುದೆಂಬ ಅಂದಾಜಿಗೆ ಅದೇ ಹೆಚ್ಚು ನಂಬಿಕೆಯದು. ಈ ಮಸುಕು ಒಂದು ವಾರ ದಾಟಿದರೆ ಪೆಟ್ಟು ಬಹಳ ದೊಡ್ಡದು ಎಂದೇ ಅರ್ಥ. ಅಣ್ಣನದು ನಾಲ್ಕು ವಾರ. ಇದನ್ನು ಆಗ ನಮಗೆ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ 'ರೋಗಿಯ ಸ್ಥಿತಿ ತೃಪ್ತಿಕರ' ಎಂದಿತ್ತು, ಫಿಟ್ಸ್ ಬಾರದಿರಲು ಮಾತ್ರೆ ಬರೆದಿತ್ತು, ಒಂದು ತಿಂಗಳ ನಂತರ ಬನ್ನಿ ಎಂದಿತ್ತು.

ಊರಿನವರು ನೋಡಲು ಬಂದರು. 'ಬದುಕಿ ಬಂದಿದ್ದೇ ಹೆಚ್ಚು ಬುಡವ್ವ, ಕೈಕಾಲು ನೆಟ್ಟಗವೆ' ಎಂದರು. ನಿಜವೇ. ಆದರೆ ಆ ಮಾತು ಮನೆಯ ಬಾಗಿಲಿಗೆ ಅಡ್ಡ ಕೂತುಬಿಟ್ಟಿತು. ಅದಾದ ಮೇಲೆ ಏನನ್ನು ದೂರಿದರೂ ದೇವರಿಗೆ ಕೃತಘ್ನರಾದಂತೆ. ಅತ್ತಿಗೆ ಆರು ತಿಂಗಳು ಬಾಯಿ ಬಿಡಲಿಲ್ಲ.

ಪಾಕ ಸೀದ ದಿನ

2022ರ ಮಾರ್ಚ್, ಶಿವರಾತ್ರಿ ಕಳೆದ ಮೇಲಿನ ಭಾನುವಾರ. ಅಣ್ಣ ಆಲೆಮನೆಗೆ ಮತ್ತೆ ಹೋಗಲು ಶುರು ಮಾಡಿ ಹತ್ತು ದಿನವಾಗಿತ್ತು. ನಾನು ಬೆಳಿಗ್ಗೆ ಬಸ್ಸಿಳಿದು ನೇರ ಅಲ್ಲಿಗೇ ನಡೆದೆ. ಅಂಗಳ ಮುಟ್ಟುವ ಮೊದಲೇ ಸೀದ ವಾಸನೆ ಮೂಗಿಗೆ ಹೊಡೆಯಿತು. ಬೆಲ್ಲ ಸೀಯುವ ವಾಸನೆ ಬೇರೆ ಯಾವುದರ ಹಾಗೂ ಇಲ್ಲ. ಮೊದಲು ಸಿಹಿ, ಆಮೇಲೆ ಒಗರು, ಆಮೇಲೆ ಗಂಟಲು ಕಟ್ಟುವ ಕಹಿ. ಗಾಣದವರು ತಿಂಡಿಗೆ ಕೂತಿದ್ದರು. ಉರಿ ಹಾಕುವ ಹಿರಿಯಾಳು ಒಲೆಯ ಗುಂಡಿಯೊಳಗೆ, ಹೊಗೆಯ ಮಧ್ಯೆ. ಕೊಪ್ಪರಿಗೆ ಪಕ್ಕ ಅಣ್ಣ ಒಬ್ಬನೇ, ಸೊಂಟಕ್ಕೆ ಕೈಕೊಟ್ಟು, ಕುದಿಯುವ ಪಾಕವನ್ನೇ ನೋಡುತ್ತಾ ನಿಂತಿದ್ದ. ಅಂಚಿನಲ್ಲಿ ಕಪ್ಪು ಏರುತ್ತಿತ್ತು. ಅವನ ಮುಖದಲ್ಲಿ ಆತಂಕದ ಒಂದು ಗೆರೆಯೂ ಇಲ್ಲ, ಕೆರೆ ನೋಡುತ್ತಾ ನಿಂತವನ ಹಾಗಿದ್ದ.

ನಾನು ಓಡಿಹೋಗಿ ಕೂಗಿದೆ. 'ಕಣ್ಮುಂದೆ ಸೀದೋಗ್ತಾ ಇದ್ರೂ ನಿಂತ್ಕಂಡು ನೋಡ್ತಿದ್ದೀಯಲ್ಲಣ್ಣ! ಏನಿದು ಉಡಾಫೆ? ಅತ್ತಿಗೆ ಒಡವೆ ಅಡ ಇಟ್ಟು ನಿನ್ನ ಬದುಕಿಸ್ಕೊಂಡಿದ್ದು ಇದಕ್ಕೇನಾ?'

ಅವನು ನಿಧಾನವಾಗಿ ನನ್ನ ಕಡೆ ತಿರುಗಿ, 'ಸೀದದಾ?' ಎಂದ.

ಅಷ್ಟೇ. ನಾನು ಅದನ್ನು ಕೊಬ್ಬಿನ ಮಾತೆಂದುಕೊಂಡೆ. ಆಳುಗಳು ತಟ್ಟೆ ಹಿಡಿದು ಎದ್ದು ನಿಂತಿದ್ದರು, ಒಬ್ಬರೂ ಮಾತಾಡಲಿಲ್ಲ. ಒಂದು ಕೊಪ್ಪರಿಗೆ ಪಾಕ ಹೋಯಿತು. ಅಣ್ಣ ಹೊರಗೆ ಹೋಗಿ ಸಿಪ್ಪೆ ರಾಶಿಯ ಪಕ್ಕ ಕೂತ. ಮಧ್ಯಾಹ್ನ ಊಟಕ್ಕೆ ಕರೆದಾಗ ಏನೂ ಆಗಿಲ್ಲದವನಂತೆ ಬಂದು ಉಂಡ, ಅದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಏರಿತು. ನಾಚಿಕೆ ಇರುವವನು ಅವತ್ತು ಉಣ್ಣುತ್ತಿರಲಿಲ್ಲ ಎಂದು ಅವ್ವನ ಹತ್ತಿರ ಹೇಳಿದ್ದು ಈಗಲೂ ನೆನಪಿದೆ.

ಅದೇ ವರ್ಷ ಬೇಸಿಗೆಯಲ್ಲಿ ಒಂದೊಂದಾಗಿ ಎಲ್ಲ ಹೊರಬಂತು. ಹೇಳದಿದ್ದರೆ ಸ್ನಾನಕ್ಕೇಳುವುದಿಲ್ಲ. ಹೇಳಿದರೆ ತಕರಾರಿಲ್ಲದೆ ಎದ್ದು ಮಾಡುತ್ತಾನೆ. ಬೀಗರೂಟದ ಪಂಕ್ತಿಯಲ್ಲಿ ಕೂತು ಹೆಣ್ಣಿನ ಕಡೆಯವರ ಬಗ್ಗೆ ಆಡಬಾರದ ಮಾತನ್ನು ದೊಡ್ಡ ದನಿಯಲ್ಲಿ ಆಡಿದ. ಎಂದೂ ಅವ್ವನಿಗೆ ಎದುರಾಡದವನು ಸಾರಿಗೆ ಉಪ್ಪು ಕಡಿಮೆಯೆಂದು ತಟ್ಟೆ ಬೀಸಿದ. ಡೀಸೆಲ್ ತರಲು ಹೋದವನು ಬರಿಗೈಯಲ್ಲಿ ಬಂದ. ದಾರಿಯಲ್ಲಿ ಯಾರೋ ಸಿಕ್ಕಿ ಮಾತಿಗೆ ನಿಂತಿದ್ದಕ್ಕೆ, ಹೋಗಿದ್ದು ಏಕೆಂಬುದೇ ಜಾರಿಹೋಗಿತ್ತು. ಅವ್ವ ತಡೆ ಒಡೆಸಿದಳು, ಹರಕೆ ಹೊತ್ತಳು. ನಾವು ಓದಿದವರು ತಡೆ ಒಡೆಸಲಿಲ್ಲ, ಸೋಮಾರಿತನ ಎಂದೆವು. ಅವ್ವನ ವಿವರಣೆಯಲ್ಲಿ ಮಗನ ತಪ್ಪು ಇರಲಿಲ್ಲ, ನಮ್ಮದರಲ್ಲಿ ಇತ್ತು. ಇಷ್ಟು ವರ್ಷದ ಮೇಲೆ ನೋಡಿದರೆ ಅವಳೇ ಹೆಚ್ಚು ನ್ಯಾಯವಾಗಿ ನಡೆದುಕೊಂಡಳು ಅನ್ನಿಸುತ್ತದೆ.

ಕಾಫಿಪುಡಿ

ಆಗಸ್ಟಿನಲ್ಲಿ ಪರಿಚಯದ ವೈದ್ಯರೊಬ್ಬರ ಮಾತಿನ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಬೆಳಗಿನ ಜಾವದ ರೈಲು, ಉದ್ದನೆಯ ಸಾಲು, ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಕೈ ಎತ್ತಿ, ಕಾಲು ಎತ್ತಿ, ಬೆರಳು ನೋಡಿ ಎಂಬ ಪರೀಕ್ಷೆಗಳ ನಡುವೆ ಅಣ್ಣನಿಗೆ ಕಣ್ಣು ಮುಚ್ಚಲು ಹೇಳಿ, ಒಂದು ಪುಟ್ಟ ಸೀಸೆಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಮೇಜಿನ ಈಚೆ ಕೂತಿದ್ದ ನನಗೇ ಕಾಫಿಪುಡಿಯ ಘಮ ಬಂತು.

'ಏನು ವಾಸನೆ ಬರ್ತಿದೆ?'

'ಏನೂ ಇಲ್ಲ ಸಾ.'

'ಇದು?' ಸೋಪಿನ ಚೂರು.

'ಏನೂ ಇಲ್ಲ ಸಾ. ಖಾಲಿ ಸೀಸೆಯ?'

ನನಗೆ ಕೂತಲ್ಲೇ ಭೂಮಿ ಕುಸಿದಂತಾಯಿತು. ಸೀದದಾ ಎಂದು ಅವನು ಅವತ್ತು ಕೇಳಿದ್ದು ಪ್ರಶ್ನೆ. ಬರೀ ಪ್ರಶ್ನೆ. ಒಂಬತ್ತು ತಿಂಗಳಿಂದ ಅವನ ಮೂಗು ಸತ್ತುಹೋಗಿತ್ತು, ಅದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಊಟ ಸಪ್ಪೆ ಎಂದು ತಟ್ಟೆ ಬೀಸಿದ್ದು ಕೂಡ ಅದೇ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿದರೂ ಒಗ್ಗರಣೆ, ಸೊಪ್ಪು, ಮಸಾಲೆಯ ಸ್ವಾದವೆಲ್ಲ ಬರುವುದು ಮೂಗಿನಿಂದ.

ಆ ಡಾಕ್ಟರು ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಮೂಗಿನ ಮೇಲ್ಭಾಗದಲ್ಲಿ ಜರಡಿಯಂತೆ ತೂತುಗಳಿರುವ ತೆಳ್ಳನೆಯ ಮೂಳೆಯೊಂದಿದೆ. ವಾಸನೆಯ ನರದ ಎಳೆಗಳು ಅದರ ಮೂಲಕ ಮಿದುಳಿಗೆ ಏರುತ್ತವೆ. ತಲೆ ಜೋರಾಗಿ ಬಡಿದಾಗ ಬುರುಡೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲುವುದಿಲ್ಲ, ಜಾರುತ್ತದೆ. ಎಳೆಗಳು ಕಿತ್ತುಹೋಗುತ್ತವೆ. ಬುರುಡೆಯ ತಳ ಮುಂಭಾಗದಲ್ಲಿ ನುಣುಪಾಗಿಲ್ಲ, ಉಬ್ಬುತಗ್ಗು. ಜಾರಿದ ಮಿದುಳು ಅದರ ಮೇಲೆ ಉಜ್ಜಿಕೊಳ್ಳುತ್ತದೆ. ಅದಕ್ಕೇ ಬಿದ್ದಿದ್ದು ತಲೆಯ ಹಿಂಬದಿಗಾದರೂ ಗಾಯ ಹಣೆಯ ಹಿಂದೆ, ಕಿವಿಯ ಮುಂದೆ ಆಗುವುದು. ಮೂಗಿನ ಎಳೆಗಳ ಮೇಲೇ ಕೂತಿರುವ ಮಿದುಳಿನ ಭಾಗದ ಕೆಲಸವೇನು? ಆಡಬಾರದ್ದನ್ನು ತಡೆಹಿಡಿಯುವುದು, ಎದುರಿನವರ ಮುಖ ನೋಡಿ ಮಾತು ಬದಲಿಸುವುದು, ಸಿಟ್ಟನ್ನು ನುಂಗುವುದು. ತಲೆಪೆಟ್ಟಿನಿಂದ ಮೂಗು ಹೋದವರಲ್ಲಿ ಆ ಭಾಗಕ್ಕೂ ಏಟಾಗಿರುವ ಸಂಭವ ಹೆಚ್ಚು. ಬೀಗರೂಟದ ಮಾತು, ಬೀಸಿದ ತಟ್ಟೆ, ಸೀದ ಪಾಕ ಮೂರೂ ಆ ಹಾಳೆಯ ಮೇಲೆ ಒಂದಂಗುಲದೊಳಗೆ ಇದ್ದವು.

ಸ್ಕ್ಯಾನಿನಲ್ಲಿ ಕಾಣದ ಪೆಟ್ಟೂ ಇದೆ ಎಂದರು. ತಲೆ ಗಿರಕಿ ಹೊಡೆದಂತಾದಾಗ ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಸೂಕ್ಷ್ಮ ತಂತುಗಳು ಎಳೆದುಕೊಂಡು ಹರಿಯುತ್ತವೆ. ಸಿಟಿ ಸ್ಕ್ಯಾನಿಗೆ ರಕ್ತ ಕಾಣುತ್ತದೆ, ಮೂಳೆ ಕಾಣುತ್ತದೆ, ಈ ತಂತುಗಳು ಕಾಣುವುದಿಲ್ಲ. ಹಾಗಾಗಿ ಸ್ಕ್ಯಾನ್ ನಾರ್ಮಲ್ ಎಂದರೆ ಆಪರೇಷನ್ ಬೇಕಾದಂಥದ್ದು ಏನೂ ಇಲ್ಲ ಎಂದಷ್ಟೇ ಅರ್ಥ. ತಲೆ ಮೊದಲಿನಂತಿದೆ ಎಂದಲ್ಲ.

ಮಾರನೆಯ ದಿನ ಮನಃಶಾಸ್ತ್ರಜ್ಞೆಯ ಕೋಣೆಯಲ್ಲಿ ಎರಡು ಗಂಟೆಗೂ ಮಿಕ್ಕಿ ಪರೀಕ್ಷೆ. ನಮ್ಮ ದೇಶದವರಿಗೆಂದೇ ನಿಮ್ಹಾನ್ಸ್‌ನವರು ಸಿದ್ಧಮಾಡಿರುವ ಪರೀಕ್ಷೆಗಳ ಗುಚ್ಛವೊಂದಿದೆ, ಶಾಲೆಗೆ ಹೋಗದವರಿಗೂ ಅನ್ವಯವಾಗುವಂಥದ್ದು. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರು. ಹುಟ್ಟಿದಾಗಿನಿಂದ ದನಕರು ನಡುವೆ ಬೆಳೆದವನು. 'ಹಸು, ಎತ್ತು, ಎಮ್ಮೆ, ಕುರಿ, ಮೇಕೆ' ಎಂದು ಸರಸರ ಹೇಳಿದ. ಆಮೇಲೆ ಸುಮ್ಮನಾದ. ಗಡಿಯಾರ ಓಡುತ್ತಿತ್ತು. 'ಹಸು' ಎಂದ. ಇನ್ನೂ ಸ್ವಲ್ಪ ಹೊತ್ತು. 'ಎತ್ತು.' ಹುಲಿ ಅನ್ನಣ್ಣ, ಆನೆ ಅನ್ನು, ಮೈಸೂರು ಝೂನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಿರಾಫೆ ತೋರಿಸಿದವನು ನೀನು, ಜಿರಾಫೆ ಅನ್ನು ಎಂದು ನಾನು ಬೆಂಚಿನ ಮೇಲೆ ತುಟಿ ಕಚ್ಚಿಕೊಂಡು ಕೂತಿದ್ದೆ. ಕೊಟ್ಟಿಗೆಯಿಂದ ಕಾಡಿಗೆ ಹೋಗಲು ಅವನಿಗೆ ದಾರಿ ಸಿಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಆಕೆ ಹೇಳಿದ್ದನ್ನು ಬಸ್ಸಿನಲ್ಲಿ ಕೂತು ಬರೆದಿಟ್ಟುಕೊಂಡೆ. 'ಬುದ್ಧಿ ಎಲ್ಲೂ ಹೋಗಿಲ್ಲ. ಒಂದನ್ನು ಶುರು ಮಾಡೋದು, ಸಾಕು ಅಂತ ನಿಲ್ಲಿಸೋದು, ಇದನ್ನು ಬಿಟ್ಟು ಅದಕ್ಕೆ ಹೋಗೋದು, ಈ ಮೂರು ಕಷ್ಟ ಆಗಿದೆ. ಕಷ್ಟ ಆಗಿದೆ ಅನ್ನೋದು ಅವರಿಗೆ ಪೂರ್ತಿ ಗೊತ್ತಿಲ್ಲ. ಅದೂ ಪೆಟ್ಟಿನದೇ ಭಾಗ.'

ಸ್ಟಾರ್ಟರ್

ಊರಿಗೆ ಬಂದು ಇದನ್ನು ಅತ್ತಿಗೆಗೆ ವಿವರಿಸಲು ಹೆಣಗಾಡುತ್ತಿದ್ದೆ. ಆಕೆ ಸ್ವಲ್ಪ ಹೊತ್ತು ಕೇಳಿ, 'ಅಂಗಂದ್ರೆ ಮೋಟ್ರು ಸರಿಯಾಗದೆ, ಸ್ಟಾರ್ಟ್ರು ಎತ್ತಕಿಲ್ಲ ಅನ್ನು' ಎಂದರು. ಪಂಪ್‌ಸೆಟ್ ಇಟ್ಟುಕೊಂಡ ಯಾವ ರೈತನ ಮನೆಯಲ್ಲೂ ಇದಕ್ಕಿಂತ ಹೆಚ್ಚಿಗೆ ಹೇಳಬೇಕಿಲ್ಲ. ಮೋಟಾರ್ ಕೆಟ್ಟಿಲ್ಲ, ಬಾವಿಯಲ್ಲಿ ನೀರಿದೆ, ಹಸಿರು ಗುಂಡಿ ಒತ್ತಿದರೆ ಹಿಡಿದುಕೊಳ್ಳುವುದಿಲ್ಲ, ಅಷ್ಟೇ. ಬೇರೆಯವರು ಒಮ್ಮೆ ಒತ್ತಿ ಹಿಡಿದರೆ ಓಡುತ್ತದೆ. ಸ್ನಾನಕ್ಕೆ ಏಳು ಎಂದರೆ ಏಳುವುದು ಇದೇ.

ಅವತ್ತಿನಿಂದ ನನ್ನನ್ನು ಕಾಡುತ್ತಿರುವುದು ಈ ಪದಗಳ ವಿಷಯ. ಕಾಲು ಮುರಿದರೆ ಮುರಿದಿದೆ ಎನ್ನುತ್ತೇವೆ. ಕಣ್ಣು ಹೋದರೆ ಹೋಗಿದೆ ಎನ್ನುತ್ತೇವೆ. ಹಣೆಯ ಹಿಂದಿನ ಆ ಭಾಗಕ್ಕೆ ಪೆಟ್ಟು ಬಿದ್ದರೆ ಮಾತ್ರ ಸೋಮಾರಿ, ಸೊಕ್ಕು, ಮೊಂಡ, ಬಾಯಿಹರುಕ, ಉಡಾಫೆ. ನಮ್ಮಲ್ಲಿರುವುದೆಲ್ಲ ಗುಣದ ಪದಗಳು, ಗಾಯದ ಪದ ಒಂದೂ ಇಲ್ಲ. ಗುಣದ ಪದ ಬಳಸಿದ ಕೂಡಲೇ ಮುಂದಿನ ಹೆಜ್ಜೆ ತಾನಾಗಿ ಬರುತ್ತದೆ: ಬೈಯುವುದು, ಬುದ್ಧಿ ಹೇಳುವುದು, ಪಾಠ ಕಲಿಸುವುದು. ತನ್ನನ್ನು ತಾನು ತಿದ್ದಿಕೊಳ್ಳುವ ಶಕ್ತಿಗೇ ಏಟು ಬಿದ್ದವನಿಗೆ ತಿದ್ದಿಕೋ ಎಂದು ಹೇಳುತ್ತಾ ನಾವು ಒಂಬತ್ತು ತಿಂಗಳು ಕಳೆದೆವು. ಅತ್ತಿಗೆಯ ಸ್ಟಾರ್ಟರ್ ಮನೆಯ ಒಳಗೆ ಬಂದ ಮೇಲೆ ಬೈಗುಳ ನಿಂತಿತು ಎಂದಲ್ಲ, ಬೈದ ಮೇಲೆ ನಾವು ನಿಂತು ಯೋಚಿಸುವುದು ಶುರುವಾಯಿತು.

ಸಿಟ್ಟಿನ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಫಿಟ್ಸ್ ಬಾರದಿರಲೆಂದು ಕೊಟ್ಟಿದ್ದ ಮಾತ್ರೆ ಲೆವೆಟಿರಸೆಟಮ್. ಒಳ್ಳೆಯ ಔಷಧಿಯೇ, ಲಕ್ಷಾಂತರ ಜನರಿಗೆ ಆಗಿಬಂದಿದೆ. ಆದರೆ ಕೆಲವರಲ್ಲಿ ಅದು ಸಿಡುಕು, ರೇಗಾಟ ತರುತ್ತದೆ. ಅಣ್ಣನಿಗೆ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ, ಮಾತ್ರೆ ಮಾತ್ರ ಮುಂದುವರಿದಿತ್ತು. ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಎರಡು ತಿಂಗಳಲ್ಲಿ ತಟ್ಟೆ ಬೀಸುವುದು ನಿಂತಿತು. (ಇದನ್ನು ಓದಿ ಯಾರೂ ಮನೆಯಲ್ಲಿ ತಾವಾಗಿ ಈ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಬರೆದುಕೊಟ್ಟವರನ್ನು ಕೇಳಿ, ಆದರೆ ಕೇಳಿ.)

ಸಿಟ್ಟು ಇಳಿದ ಮೇಲೆ ದುಃಖ ಬಂತು. 2023ರ ಆರಂಭದಲ್ಲಿ ಅಣ್ಣ ಸಂಜೆ ಹೊತ್ತು ನಾಲೆ ಏರಿಯ ಮೇಲೆ ಹೋಗಿ ಕೂರತೊಡಗಿದ. ತನಗೆ ಏನಾಗಿದೆ ಎಂಬುದು ಸ್ವಲ್ಪ ಸ್ವಲ್ಪವೇ ಅವನಿಗೆ ತಿಳಿಯತೊಡಗಿತ್ತು. ಅರಿವು ಮರಳುವುದು ಒಳ್ಳೆಯದೇ, ಆದರೆ ಅದು ಬರಿಗೈಯಲ್ಲಿ ಬರುವುದಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ತಲೆಪೆಟ್ಟಿನಿಂದ ಆಸ್ಪತ್ರೆ ಸೇರಿದ್ದ 559 ಜನರನ್ನು ಒಂದು ವರ್ಷ ಗಮನಿಸಿದಾಗ 53% ಮಂದಿಗೆ ಚಿಕಿತ್ಸೆ ಬೇಕಾಗುವಷ್ಟು ತೀವ್ರ ಖಿನ್ನತೆ ಕಂಡುಬಂದಿತ್ತು. ಅರ್ಧಕ್ಕಿಂತ ಹೆಚ್ಚು. ಇದು ಮನಸ್ಸು ಗಟ್ಟಿ ಮಾಡಿಕೊಳ್ಳದವರ ಕಾಯಿಲೆಯಲ್ಲ, ಪೆಟ್ಟಿನ ಜೊತೆಗೇ ಬರುವುದು, ಗುಳಿಗೆಗೂ ಮಾತಿಗೂ ಬಗ್ಗುವುದು. ಒಂದು ರಾತ್ರಿ 'ನಾನಿದ್ದು ಏನು ಪ್ರಯೋಜ್ನ' ಎಂದು ಅಣ್ಣ ಅಂದಾಗ ಅತ್ತಿಗೆ ನನಗೆ ಫೋನ್ ಮಾಡಿದರು, ನಾನು 14416ಕ್ಕೆ ಮಾಡಿದೆ. ಅದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ರಾತ್ರಿ ಏನು ಮಾಡಬೇಕು, ಏನು ಮಾಡಬಾರದು ಎಂದು ಅಲ್ಲಿದ್ದ ಹೆಣ್ಣುಮಗಳು ಸಾವಧಾನವಾಗಿ ಹೇಳಿಕೊಟ್ಟಳು. ಮಾರನೆಯ ದಿನ ಮಂಡ್ಯದಲ್ಲಿ ಮನೋವೈದ್ಯರನ್ನು ಕಂಡೆವು.

ಅತ್ತಿಗೆಯ ಬಗ್ಗೆ ಬರೆಯಲು ನನಗೆ ಹಕ್ಕಿಲ್ಲ ಅನ್ನಿಸುತ್ತದೆ. ಒಂದು ಮಾತು ಮಾತ್ರ. ಕಳೆದ ವರ್ಷ ರಾಗಿ ಒಕ್ಕಣೆಯ ದಿನ ಇಬ್ಬರೇ ಇದ್ದಾಗ ಹೇಳಿದರು: 'ಗಂಡ ಸತ್ತೋರ್ಗೆ ಅಳೋಕೆ ಮೂರು ದಿನಾನಾದ್ರೂ ಕೊಡ್ತಾರೆ ಕಣವ್ವ. ನಂಗೆ ಯಾರೂ ಕೊಡ್ನಿಲ್ಲ.' ಅವರು ಅಣ್ಣನನ್ನು ಬಿಟ್ಟಿಲ್ಲ, ಬಿಡುವವರೂ ಅಲ್ಲ. ಆದರೆ ಅವರು ಮದುವೆಯಾಗಿದ್ದು ಮನೆಗೆ ಬರುವಾಗ ಮಂಡ್ಯದಿಂದ ಮಲ್ಲಿಗೆ ತರುತ್ತಿದ್ದವನನ್ನು. ಈಗಿರುವವನು ತರಲು ಹೇಳಿದರೆ ತರುತ್ತಾನೆ.

ಅಂಗವಿಕಲರ ಗುರುತಿನ ಚೀಟಿಗೆ ಶಿಬಿರಕ್ಕೆ ಹೋದಾಗಲೂ ಇದೇ ಕಥೆ. 2016ರ ಕಾನೂನಿನ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ತಲೆಪೆಟ್ಟು ಎಂದು ಅದರದೇ ಹೆಸರಿನಲ್ಲಿ ಒಂದೂ ಇಲ್ಲ. ಮಾನಸಿಕ ಕಾಯಿಲೆ ಅಥವಾ ನರಸಂಬಂಧಿ ಕಾಯಿಲೆಯ ಬಾಗಿಲಿನಿಂದ ಒಳಗೆ ಹೋಗಬೇಕು. ಮೇಜಿನ ಹಿಂದೆ ಕೂತವರು ಅಣ್ಣನನ್ನು ಮೇಲಿನಿಂದ ಕೆಳಗೆ ನೋಡಿ, 'ಏನಾಗಿದೆ ಇವರಿಗೆ?' ಎಂದರು. ಏನು ಹೇಳುವುದು? ನಾವು ಹೇಳುವ ಮೊದಲೇ ಅಣ್ಣ, 'ನಂಗೇನಾಗದೆ, ಚೆನ್ನಾಗಿವ್ನಿ' ಎಂದ.

ಗೋಡೆಯ ಹಲಗೆ

ತಲೆಪೆಟ್ಟಿನ ಬಗ್ಗೆ ಓದಲು ಹೊರಟವರಿಗೆ ಮೊದಲು ಸಿಗುವ ಹೆಸರು ಫಿನಿಯಸ್ ಗೇಜ್. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟಿನಲ್ಲಿ ರೈಲುಹಾದಿಗೆ ಬಂಡೆ ಸಿಡಿಸುವಾಗ ಮೂರೂವರೆ ಅಡಿಗೂ ಉದ್ದದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಗೆ ಹಾರಿತು. ಅವನು ಬದುಕಿದ. ಅಚ್ಚುಕಟ್ಟಿನ ಮೇಸ್ತ್ರಿಯಾಗಿದ್ದವನು ಬಾಯಿಗೆ ಹಿಡಿತವಿಲ್ಲದ, ಒಂದರಲ್ಲೂ ನಿಲ್ಲದ ಮನುಷ್ಯನಾದ. ಅವನು 'ಇನ್ನು ಗೇಜ್ ಅಲ್ಲ' ಎಂದು ಪರಿಚಯದವರು ಅಂದದ್ದನ್ನು ಅವನ ವೈದ್ಯ ಹಾರ್ಲೋ ದಾಖಲಿಸಿದ. ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. 1852ರಲ್ಲಿ ಅವನು ಚಿಲಿ ದೇಶಕ್ಕೆ ಹೋಗಿ ಅಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ. ಹಲವು ಕುದುರೆಗಳ ಲಗಾಮು, ಪ್ರಯಾಣಿಕರು, ದೂರದ ದಾರಿ. ದಿನವೂ ಅದೇ ಹೊತ್ತು, ಅದೇ ದಾರಿ, ಅದೇ ಕ್ರಮ. ಹೊರಗಿನ ಕ್ರಮವು ಒಳಗೆ ಮುರಿದುಹೋದ ಕ್ರಮಕ್ಕೆ ಊರುಗೋಲಾಗಿ ಅವನು ಒಂದು ಮಟ್ಟಕ್ಕೆ ಚೇತರಿಸಿಕೊಂಡಿರಬೇಕು ಎಂದು ಅವನ ಬದುಕನ್ನು ಕೆದಕಿ ನೋಡಿದವರು ವಾದಿಸುತ್ತಾರೆ.

ನಮ್ಮ ಆಲೆಮನೆಯ ಗೋಡೆಯ ಮೇಲೆ ಈಗ ಒಂದು ಬಿಳಿ ಹಲಗೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕೆಲವು ತಿಂಗಳು ಅಣ್ಣನನ್ನು ಕರೆದೊಯ್ದಿದ್ದೆ. ಮಾತು ಎಲ್ಲೆಲ್ಲೋ ಹರಿದುಹೋಗುವುದನ್ನು ದಾರಿಗೆ ತರುವ ಅಭ್ಯಾಸಗಳ ಜೊತೆಗೆ, ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಕಣ್ಣಿಗೆ ಕಾಣುವಂತೆ ಬರೆದಿಡಿ ಎಂದು ಹೇಳಿಕೊಟ್ಟವರು ಅಲ್ಲಿನವರು. ಬೆಳಿಗ್ಗೆ ಐದರಿಂದ ಹಿಡಿದು ಏನಾದ ಮೇಲೆ ಏನು ಎಂದು ಅತ್ತಿಗೆ ಹಲಗೆಯಲ್ಲಿ ಬರೆಯುತ್ತಾರೆ, ಆದದ್ದನ್ನು ಅಣ್ಣ ಒರೆಸುತ್ತಾನೆ. ಲೆಕ್ಕ, ಫೋನು, ಆಳುಗಳು ಅತ್ತಿಗೆಯ ಪಾಲು. ಅಡ್ವಾನ್ಸ್ ಕೇಳಲು ಬಂದವರು ಮೊದಮೊದಲು ಅಣ್ಣನನ್ನು ಹುಡುಕುತ್ತಿದ್ದರು, ಅವನು ಕೇಳಿದ್ದಷ್ಟು ಕೊಟ್ಟುಬಿಡುತ್ತಿದ್ದ. ಈಗ ಆ ದಾರಿ ಮುಚ್ಚಿದೆ.

ಪಾಕದ ಹದ ನೋಡುವುದು ಮಾತ್ರ ಇವತ್ತಿಗೂ ಅಣ್ಣನೇ. ಅದನ್ನು ಮೊದಲ ಸಲ ಮತ್ತೆ ನೋಡಿದಾಗ ನನಗೆ ನಂಬಲಾಗಲಿಲ್ಲ. ಸೌಟಿನಿಂದ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳ ನಡುವೆ ಉಂಡೆ ಮಾಡಿ, ತಟ್ಟೆಗೆ ಬಡಿದು ಸದ್ದು ಕೇಳಿ, 'ಇಳ್ಸಿ' ಎನ್ನುತ್ತಾನೆ. ತಪ್ಪಿದ್ದಿಲ್ಲ. ನೆನ್ನೆ ಯಾರು ಬಂದಿದ್ದರು ಎಂದರೆ ತಡಕಾಡುವವನ ಬೆರಳುಗಳಿಗೆ ಇಪ್ಪತ್ತು ವರ್ಷದ ಹದ ನೆನಪಿದೆ. ಕೈಗೆ ಕಲಿಸಿದ ವಿದ್ಯೆ ಮಿದುಳಿನ ಬೇರೆಯೇ ಆಳದಲ್ಲಿ ಕೂತಿರುತ್ತದಂತೆ, ಹಣೆಯ ಹಿಂದಿನ ಪೆಟ್ಟು ಅಲ್ಲಿಯವರೆಗೆ ಇಳಿದಿರುವುದಿಲ್ಲ. ಮೂಗಿನ ಕೆಲಸವನ್ನು ಉರಿ ಹಾಕುವ ಹಿರಿಯಾಳು ವಹಿಸಿಕೊಂಡಿದ್ದಾರೆ. ಗುಂಡಿಯಿಂದ ಆಗಾಗ ಎದ್ದು ಬಂದು ಮೂಸಿ, 'ಇನ್ನೂ ಇಲ್ಲ ಕಣಪ್ಪ' ಎಂದು ಹೇಳಿ ಮತ್ತೆ ಇಳಿಯುತ್ತಾರೆ. ಯಾರೂ ಅವರಿಗೆ ಹೇಳಿಕೊಟ್ಟಿದ್ದಲ್ಲ.

ಷರಾ

ಹುಡುಗನ ಪತ್ರವನ್ನು ಅವತ್ತು ಷರಾ ಬರೆಯದೆ ಬ್ಯಾಗಿಗೆ ಹಾಕಿಕೊಂಡೆ. ನನ್ನ ಅಣ್ಣನ ಪೆಟ್ಟಿಗೂ ಅವನದಕ್ಕೂ ಹೋಲಿಕೆಯಿಲ್ಲ, ಗೊತ್ತು. ಅವನದು ಸಣ್ಣ ಪೆಟ್ಟು. ಅಂಥವರಲ್ಲಿ ಬಹುಪಾಲು ಮಂದಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ, ಮೊದಲಿನಂತಾಗುತ್ತಾರೆ. ಒಂದಷ್ಟು ಜನ ಆಗುವುದಿಲ್ಲ. ಮಕ್ಕಳ ಮಿದುಳಿನ ಮುಂಭಾಗ ಇಪ್ಪತ್ತು ದಾಟುವವರೆಗೂ ಬೆಳೆಯುತ್ತಲೇ ಇರುವುದರಿಂದ, ಅಲ್ಲಿನ ಪೆಟ್ಟು ಕೆಲವೊಮ್ಮೆ ಕೂಡಲೇ ಕಾಣದೆ ಪಾಠ ಕಷ್ಟವಾದಂತೆಲ್ಲ ಕಾಣತೊಡಗುತ್ತದೆ. ಇವನು ಯಾವ ಗುಂಪಿನವನೋ ನಾನು ಹೇಳಬಲ್ಲವಳಲ್ಲ. ಹೇಳಬಲ್ಲವರ ಹತ್ತಿರ ಕಳಿಸಬಲ್ಲೆ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಅವನನ್ನು ಕರೆದು ಪಕ್ಕ ಕೂರಿಸಿಕೊಂಡೆ. ತಲೆನೋವು ಬರುತ್ತಾ, ನಿದ್ದೆ ಹೇಗೆ, ಗಲಾಟೆ ಇದ್ದರೆ ಕಿರಿಕಿರಿ ಆಗುತ್ತಾ ಎಂದು ಕೇಳಿದೆ. ಎಲ್ಲದಕ್ಕೂ ತಲೆ ತಗ್ಗಿಸಿಕೊಂಡು 'ಹ್ಞೂಂ ಮಿಸ್, ಸ್ವಲ್ಪ' ಎಂದ. ಬೈಯುತ್ತಾರೆಂದು ಕಾಯುತ್ತಿದ್ದನೆಂದು ಕಾಣುತ್ತದೆ. ಆಮೇಲೆ ಅವನ ಊಟದ ಡಬ್ಬಿಯ ಮುಚ್ಚಳ ತೆಗೆಸಿದೆ. ಪುಳಿಯೋಗರೆ. ಸ್ಟಾಫ್ ರೂಮಿನ ತುಂಬ ಗೊಜ್ಜಿನ ವಾಸನೆ ಹರಡಿತು.

'ಕಣ್ಮುಚ್ಚಿ ಹೇಳು. ಏನು ವಾಸನೆ ಬರ್ತಿದೆ?'

ಅವನು ಕಣ್ಣು ಮುಚ್ಚಿದ. ಬಹಳ ಹೊತ್ತು ಡಬ್ಬಿಯ ಮೇಲೆ ಬಗ್ಗಿಯೇ ಇದ್ದ.

'ಬರಲ್ಲ ಮಿಸ್' ಎಂದ. 'ಆವತ್ತಿಂದ ಏನೂ ಬರಲ್ಲ. ಅಮ್ಮ ಬೇಜಾರು ಮಾಡ್ಕೋತಾರೆ ಅಂತ ಹೇಳಿಲ್ಲ.'

ನಾನು ಫೋನ್ ತೆಗೆದು ಅವರಮ್ಮನ ನಂಬರ್ ಒತ್ತಿದೆ. ಅದು ರಿಂಗಾಗುತ್ತಿರುವಾಗ ಹುಡುಗ ತಿನ್ನಲು ಶುರು ಮಾಡಿದ.